ಉಲ್ಟಾ ಮೇಸ್ತ್ರಿಯ ಆಕ್ಸಲ್ಲು

ಉಲ್ಟಾ ಮೇಸ್ತ್ರಿ ಎಲ್ಲಿ ಅಂತ ಕೇಳಿದರೆ ಆ ಬೀದಿಯ ಮಕ್ಕಳೂ ಗ್ಯಾರೇಜಿನ ಕಡೆ ಕೈ ತೋರಿಸುತ್ತಿದ್ದವು. ಆ ಹೆಸರು ಯಾರಿಟ್ಟರೋ ಗೊತ್ತಿಲ್ಲ, ಆದರೆ ಸುಮ್ಮನೆ ಇಟ್ಟದ್ದಲ್ಲ. ಆಸಾಮಿ ಎಡಗೈಯವನು. ಪೇಪರನ್ನು ಕೊನೆಯ ಪುಟದಿಂದ ಓದುವವನು. ತನ್ನ ಮದುವೆಯ ದಿನವೇ ಅಂಗಿಯನ್ನು ಒಳಗು ಹೊರಗಾಗಿ ಹಾಕಿಕೊಂಡು ಬಂದು ಫೋಟೋದಲ್ಲಿ ಹಾಗೇ ಉಳಿದುಬಿಟ್ಟವನು. ಗಿರಾಕಿಗೆ ‘ಎಡಕ್ಕೆ ತಿರುಗಿಸಿ’ ಎಂದು ಬಾಯಲ್ಲಿ ಹೇಳುತ್ತ ಕೈಯಲ್ಲಿ ಬಲಕ್ಕೆ ತೋರಿಸುತ್ತಿದ್ದ. ಬಾಯಿ ನಂಬಬೇಕೋ ಕೈ ನಂಬಬೇಕೋ ತಿಳಿಯದೆ ಎಷ್ಟೋ ಗಿರಾಕಿಗಳು ಗೇಟಿನ ನಡುವೆಯೇ ನಿಂತುಬಿಡುತ್ತಿದ್ದರು.

ಅವನ ತಮ್ಮನನ್ನು ಎಲ್ಲರೂ ಚಿಕ್ಕಮೇಸ್ತ್ರಿ ಎನ್ನುತ್ತಿದ್ದರು. ಕಿವಿಯ ಪಕ್ಕದ ಕೂದಲು ನರೆತು ಎಷ್ಟೋ ಕಾಲವಾಗಿತ್ತು, ಆದರೂ ಅಣ್ಣ ಇರುವ ತನಕ ತಮ್ಮ ಚಿಕ್ಕವನೇ. ಅಣ್ಣನಿಗೆ ಅವನು ತದ್ವಿರುದ್ಧ. ಗೋಡೆಯ ಮೇಲೆ ನಟ್ಟು ಬಿಗಿಯುವ ಪ್ರತಿಯೊಂದು ಪಾನದ, ಅಂದರೆ ಸ್ಪ್ಯಾನರಿನ, ಆಕಾರವನ್ನೂ ಬಣ್ಣದಲ್ಲಿ ಬರೆದು, ಆಯಾ ಪಾನವನ್ನು ಆಯಾ ಚಿತ್ರದ ಮೇಲೇ ತೂಗುಹಾಕುತ್ತಿದ್ದ. ಅಣ್ಣ ಅವನ್ನು ಎಲ್ಲೆಂದರಲ್ಲಿ ಬಿಟ್ಟು ಹೋಗುತ್ತಿದ್ದ, ತಮ್ಮ ಹುಡುಕಿ ತಂದು ಮತ್ತೆ ಚಿತ್ರಕ್ಕೆ ಸೇರಿಸುತ್ತಿದ್ದ. ಹೀಗೆ ಇಬ್ಬರಿಗೂ ದಿನ ಹೋದದ್ದೇ ತಿಳಿಯುತ್ತಿರಲಿಲ್ಲ.

ಚಿಕ್ಕಮೇಸ್ತ್ರಿಗೆ ಒಂದು ಗುಟ್ಟಿತ್ತು. ಸಂಜೆ ಅಣ್ಣ ಕೈ ತೊಳೆದು ಬೀದಿ ಮೂಲೆಯ ಚಹಾ ಅಂಗಡಿಗೆ ಹೋದ ಕೂಡಲೇ ಇವನು ಪಾನ ಹಿಡಿದು, ಅಣ್ಣ ಅಂದು ಮುಗಿಸಿದ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದ. ಅಣ್ಣ ಬಿಗಿದ ನಟ್ಟುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಶುರುವಿನ ಒಂದೆರಡು ದಿನ ಬಿಟ್ಟರೆ, ಪ್ರತಿಸಲವೂ ಎಲ್ಲೋ ಒಂದು ನಟ್ಟು ಸಡಿಲ ಇದ್ದೇ ಇರುತ್ತಿತ್ತು. ಅದನ್ನು ಬಿಗಿದು, ಏನೂ ಆಗದವನ ಹಾಗೆ ಎದ್ದು ಬಂದು ಕೈ ಒರೆಸಿಕೊಳ್ಳುತ್ತಿದ್ದ. ಇದು ಇಂದು ನಿನ್ನೆಯ ಕಥೆಯಲ್ಲ, ವರ್ಷಾನುಗಟ್ಟಲೆಯಿಂದ ನಡೆದದ್ದು. ಈ ಗ್ಯಾರೇಜು ನಿಂತಿರುವುದೇ ನನ್ನಿಂದ, ಅಣ್ಣನ ಮಾನ ಉಳಿದಿರುವುದೇ ನನ್ನ ಪಾನದಿಂದ ಎಂದು ಅವನು ಒಳಗೊಳಗೇ ನಂಬಿದ್ದ. ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಯಾವುದು ಹೆಚ್ಚು ಎಂದು ಅವನಿಗೂ ಗೊತ್ತಿರಲಿಲ್ಲ.

ಇದನ್ನು ಅಣ್ಣನ ಮುಂದೆ ಬಾಯಿ ಬಿಡದೆ ಇದ್ದುದಕ್ಕೂ ಕಾರಣವಿತ್ತು. ಬಹಳ ಹಿಂದೆ ಒಮ್ಮೆ ಗಿರಾಕಿಯ ಎದುರಿಗೇ ‘ಚಕ್ರದ ನಟ್ಟು ಸಡಿಲ ಬಿಟ್ಟಿದ್ದೀಯಲ್ಲ ಅಣ್ಣ’ ಎಂದುಬಿಟ್ಟಿದ್ದ. ನಟ್ಟು ಸಡಿಲ ಇದ್ದದ್ದು ನಿಜ. ಆದರೆ ನಿಜ ಹೇಳುವುದಕ್ಕೂ ಒಂದು ಹೊತ್ತು ಗೊತ್ತು ಅಂತ ಇರುತ್ತದೆ. ಅಣ್ಣ ಮಾತು ಬಿಟ್ಟ. ಒಂದು ಬೇಸಿಗೆ ಪೂರ್ತಿ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮನೆಯ ಹಿತ್ತಲಲ್ಲಿ ತನ್ನ ಹಳೆಯ ಸ್ಟೇಷನ್ ವ್ಯಾಗನ್ನನ್ನು ನಿಲ್ಲಿಸಿಕೊಂಡು, ಅದರ ಸತ್ತ ಇಂಜಿನ್ ಕಿತ್ತು, ಬಂದರಿನ ಗುಜರಿಯಿಂದ ತಂದ ದೋಣಿಯ ಇಂಜಿನ್ನೊಂದನ್ನು ಒಬ್ಬನೇ ಕೂರಿಸಿದ. ಆಮೇಲೆ ಇಬ್ಬರೂ ರಾಜಿಯಾದರು, ಆ ಮಾತು ಮತ್ತೆ ಬರಲಿಲ್ಲ. ಆ ವ್ಯಾಗನ್ನಿನ ಕೆಳಗೆ ಮಾತ್ರ ತಮ್ಮ ಯಾವತ್ತೂ ತೂರಿರಲಿಲ್ಲ. ಅದು ರಾತ್ರಿ ಅಣ್ಣನ ಮನೆಯಲ್ಲಿರುತ್ತಿತ್ತು, ಹಗಲು ಅತ್ತಿಗೆಯ ಕೈಯಲ್ಲಿ. ಅತ್ತಿಗೆ ಹೂಗಿಡಗಳ ಕುಂಡ ಮಾರುವವರು. ಮಣ್ಣು ತುಂಬಿದ ಕುಂಡ ಹೊತ್ತು ಹೊತ್ತು ವ್ಯಾಗನ್ನಿನ ಹಿಂಭಾಗ ಕುಸಿದು, ಮುಂದಿನ ದೀಪಗಳು ಮರದ ತುದಿ ನೋಡುತ್ತಿದ್ದವು.

ಹೀಗಿರುವಾಗ ಅಣ್ಣ ಊರು ಬಿಡುವ ಮಾತೆತ್ತಿದ. ಅತ್ತಿಗೆಯ ತಂಗಿ ಬೆಟ್ಟದಾಚೆಯ ಊರಲ್ಲಿದ್ದಳು. ಅವಳ ಮನೆಯ ಕೆಳಗಿನ ಭಾಗ ಖಾಲಿಯಾಗಿತ್ತು, ಗಿಡ ಬೆಳೆಸಲು ಜಾಗವೂ ಇತ್ತು. ಅಣ್ಣನ ಮಂಡಿ ಕೆಟ್ಟು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಸಾಕಾಯ್ತು ಕಣೋ, ಗ್ಯಾರೇಜು ಇನ್ನು ನಿನ್ನದು, ಸಾಮಾನೆಲ್ಲ ವ್ಯಾಗನ್ನಿಗೆ ತುಂಬಿಕೊಂಡು ಹೊರಟುಬಿಡ್ತೀವಿ ಅಂದ. ಪೇಟೆಗೆ ಹೋಗಿ ಬರ್ತೀನಿ ಅನ್ನುವಷ್ಟೇ ಹಗುರವಾಗಿ ಅಂದ.

ಚಿಕ್ಕಮೇಸ್ತ್ರಿಗೆ ಅಂದಿನಿಂದ ಊಟ ಸೇರಲಿಲ್ಲ. ಗ್ಯಾರೇಜು ತನ್ನದಾಗುವುದು ಸಂತೋಷದ ಸಂಗತಿಯೇ ಇರಬೇಕು, ಆದರೆ ಸಂತೋಷ ಎಲ್ಲೂ ಕಾಣಲಿಲ್ಲ. ಅಲ್ಲಿ ಅಣ್ಣನ ನಟ್ಟು ನೋಡುವವರು ಯಾರು ಅನ್ನುವುದೊಂದೇ ತಲೆಯೊಳಗೆ ಕೊರೆಯುತ್ತಿತ್ತು. ಕುಸಿದ ವ್ಯಾಗನ್ನು, ಮೇಲೆ ಮನೆಯ ಸಾಮಾನು, ಬೆಟ್ಟದ ತಿರುವು, ಕೆಳಗೆ ಎಲ್ಲೋ ಒಂದು ಸಡಿಲ ನಟ್ಟು. ಕಣ್ಣು ಮುಚ್ಚಿದರೆ ಇದೇ ಕಾಣುತ್ತಿತ್ತು. ಒಂದು ದಿನ ಹೆಂಡತಿಯ ಮುಂದೆ ಹೇಳಿಕೊಂಡ. ನಿಮಗೆ ಅಣ್ಣ ಹೋಗ್ತಿರೋ ಸಂಕಟ, ಅದನ್ನು ನಟ್ಟಿನ ಮೇಲೆ ಹಾಕಬೇಡಿ ಅಂದಳು ಅವಳು. ಅವನಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗುವುದು ಬೇಕಿರಲಿಲ್ಲ.

ಮನೆ ನೋಡಿ ಗೊತ್ತುಮಾಡಿ ಬರಲು ಅಣ್ಣ ಅತ್ತಿಗೆ ಬಸ್ಸಿನಲ್ಲಿ ಹೊರಟರು. ವ್ಯಾಗನ್ನಿನ ಕೀಲಿಯನ್ನು ಅತ್ತಿಗೆ ಇವನ ಕೈಗೆ ಕೊಟ್ಟು, ಹಿಂದುಗಡೆ ಏನಾದರೂ ಮಾಡೋಕಾಗುತ್ತಾ ನೋಡಪ್ಪ, ಬೆಟ್ಟ ಹತ್ತುವಾಗ ನನಗೆ ಜೀವ ಕೈಯಲ್ಲಿರುತ್ತೆ ಅಂದರು. ಅವನು ಕಾದಿದ್ದದ್ದೇ ಅದಕ್ಕೆ. ಬಸ್ಸು ಮರೆಯಾಗುವ ಮೊದಲೇ ಮನಸ್ಸಿನಲ್ಲಿ ಕೆಲಸ ಶುರುವಾಗಿತ್ತು. ಸುಮ್ಮನೆ ತೇಪೆ ಹಾಕುವುದಲ್ಲ, ಹಿಂಚಕ್ರಗಳನ್ನು ತಿರುಗಿಸುವ ಆಕ್ಸಲ್ಲನ್ನೇ ಬದಲಾಯಿಸುವುದು. ಸರಕು ಸಾಗಿಸುವ ಪಿಕಪ್ ಗಾಡಿಯ ದಪ್ಪನೆಯ ಆಕ್ಸಲ್ಲು, ಭಾರ ಹೊರಲು ಒಂದು ಪಟ್ಟಿ ಹೆಚ್ಚಿರುವ ಹೊಸ ಸ್ಪ್ರಿಂಗ್ ಕಮಾನುಗಳು, ಕುಲುಕಾಟ ತಡೆಯಲು ಗಟ್ಟಿಯಾದ ಶಾಕ್‌ಗಳು. ಅಣ್ಣನ ಮುಂದಿನ ಬದುಕಿಗೆ ಸಾಲುವಷ್ಟು ಬಿಗಿಯನ್ನು ಈಗಲೇ ಕೊಟ್ಟುಬಿಡಬೇಕು ಎಂಬ ಹಟ.

ಹಿಂಬದಿಯನ್ನು ಜಾಕ್ ಮೇಲೆ ಎತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ಮೊದಲ ಬಾರಿಗೆ ಆ ವ್ಯಾಗನ್ನಿನ ಕೆಳಗೆ ತೂರಿದಾಗ ಅವನಿಗೆ ಕಂಡದ್ದು ನಂಬುವಂಥದ್ದಾಗಿರಲಿಲ್ಲ. ಹಳೆಯ ಆಕ್ಸಲ್ಲು ಬೋರಲಾಗಿ ಕೂತಿತ್ತು. ಮೇಲಿರಬೇಕಾದದ್ದು ಕೆಳಗೆ, ಕೆಳಗಿರಬೇಕಾದದ್ದು ಮೇಲೆ. ಎಣ್ಣೆ ಹಾಕುವ ಮೂಲ ತೂತನ್ನು ಬೆಸೆದು ಮುಚ್ಚಿ, ಬೇರೆ ಕಡೆ ಹೊಸ ತೂತು ಕೊರೆದಿತ್ತು. ಕಮಾನು ಕೂರುವ ತಟ್ಟೆಗಳನ್ನು ಕಿತ್ತು ಇನ್ನೊಂದು ಬದಿಗೆ ಬೆಸೆದಿತ್ತು. ಚಿಕ್ಕಮೇಸ್ತ್ರಿ ಮಲಗಿದಲ್ಲೇ ನಗತೊಡಗಿದ. ಅಣ್ಣ ನೋಡಿಕೊಳ್ಳದೆ ಆಕ್ಸಲ್ಲನ್ನು ಮಗುಚಿ ಇಟ್ಟಿರಬೇಕು, ಕಮಾನು ಕೂರದಿದ್ದಾಗ ತಟ್ಟೆ ಬದಲಿಸಿರಬೇಕು, ಎಣ್ಣೆ ನಿಲ್ಲದಿದ್ದಾಗ ತೂತು ಕೊರೆದಿರಬೇಕು. ಒಂದು ತಪ್ಪು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಹುಟ್ಟುಗುಣ ಸುಟ್ಟರೂ ಹೋಗದು.

ಹಾಗೆ ಬೋರಲಾಗಿದ್ದ ಆಕ್ಸಲ್ಲು ಇಷ್ಟು ವರ್ಷ ಹೇಗೆ ಓಡಿತು ಎಂದು ಅವನು ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊಸರಿನಲ್ಲಿ ಕಲ್ಲು ಹುಡುಕುವವನಿಗೆ ಕಲ್ಲು ಸಿಕ್ಕಮೇಲೆ ಬೇರೇನೂ ಬೇಕಾಗುವುದಿಲ್ಲ. ಎದುರಿನ ಗಾಜಿನಂಗಡಿಯವನನ್ನು ಕರೆದು ತೋರಿಸಿದ. ಅವನು ಬಗ್ಗಿ ನೋಡಿ, ಏನೂ ತಿಳಿಯದಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕ. ಗಾಜಿನಂಗಡಿಯವನಿಗೆ ಹೇಳಿದ ಮೇಲೆ ಬೀದಿಗೆ ಬೇರೆ ಹೇಳಬೇಕಾಗಿರಲಿಲ್ಲ. ಸಂಜೆಯ ಹೊತ್ತಿಗೆ ಚಹಾ ಅಂಗಡಿಯಲ್ಲೂ ಉಲ್ಟಾ ಮೇಸ್ತ್ರಿಯ ಉಲ್ಟಾ ಆಕ್ಸಲ್ಲಿನದೇ ಸುದ್ದಿ.

ಇನ್ನು ಚಿಕ್ಕಮೇಸ್ತ್ರಿಯ ಕೆಲಸವನ್ನು ಹೊಗಳದೆ ಇರುವ ಹಾಗಿಲ್ಲ. ಗುಜರಿಯಿಂದ ತಂದ ಪಿಕಪ್ಪಿನ ಆಕ್ಸಲ್ಲನ್ನು ತಂತಿಬ್ರಷ್ಷಿನಿಂದ ಉಜ್ಜಿ ಕಬ್ಬಿಣದ ಬಣ್ಣ ಬರುವ ತನಕ ಬಿಡಲಿಲ್ಲ. ತಟ್ಟೆಗಳನ್ನು ಮೂರು ಬಾರಿ ಅಳೆದು, ಮಟ್ಟಸ ನೋಡಿ, ಸೆಖೆಯಲ್ಲಿ ಬೆವರು ಕಣ್ಣಿಗಿಳಿಯುತ್ತಿದ್ದರೂ ಕೈ ಅಲುಗದೆ ಬೆಸೆದ. ಕಮಾನುಗಳನ್ನು ಯು ಆಕಾರದ ಬೋಲ್ಟುಗಳಿಂದ ಆಕ್ಸಲ್ಲಿಗೆ ತಬ್ಬಿಸಿ ಬಿಗಿದ. ಹೊಸ ರಬ್ಬರ್ ಬುಷ್, ಹೊಸ ಶಾಕ್, ಹೊಸ ಬ್ರೇಕ್ ಪೈಪು ಎಲ್ಲ ಬಂತು. ಎಲ್ಲ ನೇರ, ಎಲ್ಲ ಸರಿ, ಆಕ್ಸಲ್ಲು ಹುಟ್ಟಿದ ಹಾಗೆ ಮೇಲ್ಮುಖವಾಗಿ. ಕೆಳಗಿಳಿಸಿದಾಗ ವ್ಯಾಗನ್ನು ಬೆನ್ನು ನೆಟ್ಟಗೆ ಮಾಡಿ ನಿಂತಿತು. ಅಣ್ಣ ಇನ್ನು ಎಲ್ಲಿಗೆ ಬೇಕಾದರೂ ಹೋಗಲಿ ಎಂದುಕೊಂಡ.

ಮರುದಿನ ಬೆಳಿಗ್ಗೆ ಓಡಿಸಿ ನೋಡಲು ಕೂತ. ಇಂಜಿನ್ ಚಾಲೂ ಮಾಡಿ, ಮೊದಲ ಗೇರು ಹಾಕಿ, ಗೇಟಿನ ಕಡೆ ನೋಡುತ್ತ ಕ್ಲಚ್ ಬಿಟ್ಟ. ವ್ಯಾಗನ್ನು ಹಿಂದಕ್ಕೆ ಹೋಗಿ ಹಳೆ ಟೈರುಗಳ ರಾಶಿಗೆ ಗುದ್ದಿತು.

ಗಡಿಬಿಡಿಯಲ್ಲಿ ರಿವರ್ಸ್ ಹಾಕಿಬಿಟ್ಟೆ ಎಂದುಕೊಂಡ. ಗೇರಿನ ಹಿಡಿಯನ್ನು ನೋಡಿ, ಬೆರಳಿಟ್ಟು ಖಾತ್ರಿ ಮಾಡಿಕೊಂಡು, ಮತ್ತೆ ಮೊದಲ ಗೇರು ಹಾಕಿದ. ಮತ್ತೆ ಟೈರು. ಎರಡನೆಯ ಗೇರು ಹಾಕಿದ, ಇನ್ನೂ ಜೋರಾಗಿ ಟೈರು. ಇಳಿದು ಗಾಡಿಯ ಸುತ್ತ ಒಂದು ಸುತ್ತು ಬಂದ. ಮುಂದಿನದು ಮುಂದೆಯೇ ಇತ್ತು, ಹಿಂದಿನದು ಹಿಂದೆಯೇ ಇತ್ತು. ಮತ್ತೆ ಕೂತು ಈ ಸಲ ರಿವರ್ಸ್ ಹಾಕಿದ. ವ್ಯಾಗನ್ನು ಕಿರುಗುಟ್ಟುತ್ತ, ಮರ್ಯಾದಸ್ಥರ ಹಾಗೆ ಮೆಲ್ಲಗೆ ಮುಂದಕ್ಕೆ ಹೋಗಿ ಗೇಟಿನ ಹತ್ತಿರ ನಿಂತಿತು.

ಚಿಕ್ಕಮೇಸ್ತ್ರಿ ಕಕ್ಕಾಬಿಕ್ಕಿಯಾದ. ಗೇರಿನ ಸರಳು ತಿರುಗಿ ಕೂತಿರಬೇಕೆಂದು ಅದನ್ನು ಬಿಚ್ಚಿದ. ಅದು ಸರಿಯಾಗಿತ್ತು. ಗುಜರಿಯವನು ಯಾವುದೋ ವಿಚಿತ್ರ ಗಾಡಿಯ ಆಕ್ಸಲ್ಲು ಕೊಟ್ಟಿರಬೇಕೆಂದು ಫೋನು ಮಾಡಿ ರೇಗಾಡಿದ. ಅವನು ತಣ್ಣಗೆ, ಆಕ್ಸಲ್ಲು ಸರಿಯಾಗೇ ಇದೆ ಸ್ವಾಮಿ, ಕೂರಿಸಿದವರನ್ನ ಕೇಳಿ ಅಂದ. ಹಿಂಚಕ್ರಗಳನ್ನು ಎತ್ತಿ, ಇಂಜಿನ್ ಓಡಿಸಿ, ಕೆಳಗೆ ಕೂತು ಇಂಜಿನ್ನಿನಿಂದ ಆಕ್ಸಲ್ಲಿಗೆ ಬರುವ ಶಾಫ್ಟು ತಿರುಗುವುದನ್ನು ನೋಡಿದ. ನೋಡುತ್ತಾ ನೋಡುತ್ತಾ ಅದು ಯಾವ ಕಡೆ ತಿರುಗಬೇಕು ಎನ್ನುವುದೇ ಮರೆತುಹೋಯಿತು. ಜೀವಮಾನವೆಲ್ಲ ಕಂಡ ಶಾಫ್ಟುಗಳನ್ನು ನೆನಪು ಮಾಡಿಕೊಳ್ಳಲು ಹೋದರೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ತಿರುಗಿದವು. ತನ್ನ ಕೈಯನ್ನೇ ಎತ್ತಿ, ಇದು ಎಡವೋ ಬಲವೋ ಎಂದು ನೋಡಿಕೊಳ್ಳುವ ಸ್ಥಿತಿಗೆ ಬಂದ.

ಗಾಜಿನಂಗಡಿಯವನು ಬಾಗಿಲಲ್ಲಿ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, ಸಮಾಧಾನ ಮಾಡುವ ದನಿಯಲ್ಲಿ, ಹಿಂದಕ್ಕೆ ಹೋಗೋಕೆ ನಾಲ್ಕು ಗೇರಿರೋ ಗಾಡಿ ಈ ಊರಲ್ಲಿ ಬೇರೆ ಯಾರ ಹತ್ರಾನೂ ಇಲ್ಲ ಬಿಡು ಅಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಯ್ತಲ್ಲ ಅಂತಲೂ ಸೇರಿಸಿದ. ಚಿಕ್ಕಮೇಸ್ತ್ರಿಗೆ ಅಳು ಬರುವುದೊಂದು ಬಾಕಿ. ಅಣ್ಣನ ತಪ್ಪು ತಿದ್ದಿ ಗೊತ್ತಿತ್ತು, ತನ್ನ ತಪ್ಪು ಹುಡುಕುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಆಕ್ಸಲ್ಲು ಉಲ್ಟಾ ಇದ್ದಾಗ ಗಾಡಿ ನೇರ ಹೋಗುತ್ತಿತ್ತು. ನೇರ ಮಾಡಿದ ಮೇಲೆ ಗಾಡಿ ಉಲ್ಟಾ ಹೋಗುತ್ತಿದೆ. ಇದರ ತಲೆಬುಡ ಹಿಡಿಯಲು ಹೋಗಿ ಅವನಿಗೆ ತಲೆನೋವು ಶುರುವಾಯಿತು.

ಸಂಜೆ ಅಣ್ಣ ಅತ್ತಿಗೆ ಬಸ್ಸಿಳಿದು ಸೀದಾ ಗ್ಯಾರೇಜಿಗೇ ಬಂದರು. ದಾರಿಯಲ್ಲಿ ಚಹಾ ಅಂಗಡಿಯವನು ಸುದ್ದಿ ಮುಟ್ಟಿಸಿದ್ದ ಅನ್ನುವುದು ಅಣ್ಣನ ಮುಖದಲ್ಲೇ ಕಾಣುತ್ತಿತ್ತು. ಚಿಕ್ಕಮೇಸ್ತ್ರಿ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ, ಇಳಿಯಲಿಲ್ಲ.

“ಗಾಡಿ ಹಿಂದಕ್ಕೆ ಹೋಗ್ತಿದೆ ಅಣ್ಣ,” ಅಂದ.

ಅಣ್ಣ ನಗಲಿಲ್ಲ. ಕುಂಟುತ್ತ ಬಂದು ಬಾನೆಟ್ಟು ಎತ್ತಿದ. ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು, ಇಂಜಿನ್ನಿನ ಮೂತಿಯಲ್ಲಿ ಬೆಲ್ಟು ಸುತ್ತುವ ಚಕ್ರದ ಮೇಲೆ ಒಂದು ಗೀಟು ಎಳೆದ. ತಮ್ಮನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ, ಅತ್ತಿಗೆಗೆ ಕೀಲಿಯನ್ನು ಒಂದೇ ಒಂದು ಚಣ ತಿರುಗಿಸಿ ಬಿಡಲು ಹೇಳಿದ. ಬಿಳಿ ಗೀಟು ಎಡಕ್ಕೆ ಇಳಿಯಿತು. ಚಿಕ್ಕಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. ಪಕ್ಕದಲ್ಲಿ ರಿಪೇರಿಗೆ ಬಂದು ನಿಂತಿದ್ದ ಕಾರಿನ ಮೇಲೂ ಅಣ್ಣ ಅಂಥದೇ ಗೀಟು ಎಳೆದು ತೋರಿಸಿದ. ಅದು ಬಲಕ್ಕೆ ಇಳಿಯಿತು.

“ದೊಡ್ಡ ದೋಣಿಗೆ ಜೋಡಿ ಇಂಜಿನ್ ಇರುತ್ತೆ,” ಅಣ್ಣ ಹೇಳಿದ. “ಎರಡೂ ಒಂದೇ ಕಡೆ ತಿರುಗಿದ್ರೆ ದೋಣಿ ಪಕ್ಕಕ್ಕೆ ಎಳೆಯುತ್ತೆ. ಅದಕ್ಕೆ ಒಂದನ್ನ ಉಲ್ಟಾ ತಿರುಗೋ ಹಾಗೇ ಮಾಡಿರ್ತಾರೆ. ನೇರದ್ದನ್ನ ಯಾರೋ ಆಗ್ಲೇ ತಗೊಂಡು ಹೋಗಿದ್ರು. ಇದು ಯಾರಿಗೂ ಬೇಡವಾಗಿ ಬಿದ್ದಿತ್ತು. ಬಿಟ್ಟು ಬರೋಕೆ ನನಗೆ ಮನಸ್ಸಾಗ್ಲಿಲ್ಲ ಕಣೋ.”

ಮಗುಚಿ ಕೂರಿಸಿದ ಆಕ್ಸಲ್ಲು ಚಕ್ರಗಳನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಉಲ್ಟಾ ತಿರುಗುವ ಇಂಜಿನ್ನಿಗೆ ಆಕ್ಸಲ್ಲನ್ನೂ ಉಲ್ಟಾ ಕೂರಿಸಿದರೆ ಗಾಡಿ ನೇರ ಹೋಗುತ್ತದೆ. ಅಷ್ಟೇ ಸಂಗತಿ. ತಟ್ಟೆ, ತೂತು, ಬೆಸುಗೆ ಎಲ್ಲವೂ ಅಣ್ಣ ಆ ಬೇಸಿಗೆಯಲ್ಲಿ ಹಿತ್ತಲಲ್ಲಿ ಒಬ್ಬನೇ ಕೂತು ಲೆಕ್ಕ ಹಾಕಿ ಮಾಡಿದ್ದು. ತಮ್ಮನ ಹತ್ತಿರ ಮಾತು ಬಿಟ್ಟಿದ್ದರಿಂದ ಹೇಳುವ ಪ್ರಸಂಗ ಬರಲಿಲ್ಲ, ಆಮೇಲೆ ಯಾರೂ ಕೇಳಲೂ ಇಲ್ಲ. ಚಿಕ್ಕಮೇಸ್ತ್ರಿ ಪೆಚ್ಚಾಗಿ ನಿಂತ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಡೀ ಬೀದಿಯನ್ನು ನಗಿಸಿದ್ದು ತಾನು, ಅದೂ ಅಣ್ಣ ಮಾಡಿದ ಅತ್ಯಂತ ಜಾಣ ಕೆಲಸವನ್ನು ಹಿಡಿದು. ಅತ್ತಿಗೆ ಒಬ್ಬರೇ ನಿರಾಳವಾಗಿದ್ದರು. ಹಿಂಭಾಗ ಎಷ್ಟು ಚೆನ್ನಾಗಿ ಎದ್ದು ನಿಂತಿದೆ ನೋಡಿ, ಅದನ್ನ ಹಾಗೇ ಉಳಿಸಿಕೊಂಡು ಮುಂದಕ್ಕೆ ಹೋಗೋ ಹಾಗೆ ಮಾಡಿಕೊಡಿ ಸಾಕು ಅಂದರು.

ಮಾರನೆಯ ದಿನ ಅಣ್ಣ ತಮ್ಮ ಇಬ್ಬರೂ ಸೇರಿ ಹೊಸ ಆಕ್ಸಲ್ಲನ್ನು ಕೆಳಗಿಳಿಸಿ ಮಗುಚಿದರು. ಅಣ್ಣ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಬೆಸೆದ. ತಮ್ಮ ಹಿಡಿದುಕೊಂಡ. ಅಣ್ಣನ ಬೆಸುಗೆಯನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಒಂದು ಕಡೆಯೂ ತಪ್ಪದ, ಒಂದೇ ಸಮನಾದ ಬೆಸುಗೆ. ಅದನ್ನು ನೋಡುತ್ತಿದ್ದಂತೆ ತಲೆಯೊಳಗೆ ಇನ್ನೊಂದು ಗೊಂದಲ ಎದ್ದಿತು. ಇಂಥ ಕೈ ಪ್ರತಿದಿನ ಒಂದು ನಟ್ಟು ಮರೆಯುವುದು ಹೇಗೆ? ಮಧ್ಯಾಹ್ನದ ಹೊತ್ತಿಗೆ ತಡೆದುಕೊಳ್ಳಲು ಆಗಲಿಲ್ಲ.

“ಅಲ್ಲಿ ನಿನ್ನ ಗಾಡಿ ನಟ್ಟು ನೋಡೋರು ಯಾರು ಅಣ್ಣ?”

ಅಣ್ಣ ಕಣ್ಣಿಗೆ ಹಿಡಿದಿದ್ದ ಕಪ್ಪು ಗಾಜನ್ನು ಕೆಳಗಿಳಿಸಿ ತಮ್ಮನನ್ನು ನೋಡಿದ. ಆಮೇಲೆ ಹೇಳಿದ್ದು ಇಷ್ಟು. ಆ ಹಳೆಯ ಜಗಳದ ದಿನ ನಟ್ಟು ಸಡಿಲ ಬಿಟ್ಟಿದ್ದು ತನ್ನದೇ ತಪ್ಪು. ಅಂದಿನಿಂದ ಪ್ರತಿಯೊಂದನ್ನೂ ಎರಡು ಸಲ ಬಿಗಿಯುತ್ತಿದ್ದ. ರಾಜಿಯಾಗಿ ಗ್ಯಾರೇಜಿಗೆ ಮರಳಿದ ಮೇಲೆ ಒಂದು ಸಂಜೆ ಚಹಾ ಅಂಗಡಿಯಿಂದ ನೋಡಿದರೆ ಗಾಡಿಯ ಕೆಳಗಿನಿಂದ ತಮ್ಮನ ಕಾಲುಗಳು ಹೊರಗೆ ಚಾಚಿದ್ದವು. ಬಹಳ ಹೊತ್ತು ಹಾಗೇ ಇದ್ದವು. ತಮ್ಮ ಎಲ್ಲವನ್ನೂ ಬಿಚ್ಚಿ ಬಿಚ್ಚಿ ನೋಡಿ, ಏನೂ ಸಿಗದೆ, ಜೋಲುಮುಖ ಹಾಕಿಕೊಂಡು ಎದ್ದ. ಮರುದಿನವೂ ಹಾಗೇ. ಬಿಗಿಯಾಗಿದ್ದದ್ದನ್ನು ದಿನಾ ಬಿಚ್ಚಿದರೆ ಯಾವ ನಟ್ಟು ತಾನೇ ಬಾಳುತ್ತದೆ?

“ಅದಕ್ಕೆ ಒಂದನ್ನ ಬಿಡೋಕೆ ಶುರು ಮಾಡ್ದೆ,” ಅಂದ ಅಣ್ಣ. “ಒಂದು ಸಿಕ್ಕಿದ್ರೆ ನಿನಗೆ ಸಮಾಧಾನ. ಬೇರೇದಕ್ಕೆ ಕೈ ಹಾಕ್ತಿರಲಿಲ್ಲ. ನೀನು ಎದ್ದು ಕೈ ಒರೆಸಿಕೊಳ್ಳೋ ತನಕ ನಾನು ಚಹಾ ಅಂಗಡಿ ಬಿಟ್ಟು ಕದಲ್ತಿರಲಿಲ್ಲ. ಎಷ್ಟು ಚಹಾ ಕುಡಿದಿದ್ದೀನೋ ಆ ದೇವರಿಗೇ ಗೊತ್ತು.”

ಚಿಕ್ಕಮೇಸ್ತ್ರಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅಣ್ಣನ ಕಾಲು ಹಿಡಿಯಬೇಕು ಅನ್ನಿಸಿತು, ಕೈಯಲ್ಲಿದ್ದ ಪಾನವನ್ನು ಎಸೆಯಬೇಕು ಅಂತಲೂ ಅನ್ನಿಸಿತು. ಯಾರು ಯಾರನ್ನು ಕಾಯುತ್ತಿದ್ದರು? ತಾನು ಕಾಯುತ್ತಿದ್ದೇನೆ ಅಂದುಕೊಂಡ ಅಷ್ಟೂ ಸಂಜೆಗಳು ಈಗ ಬೋರಲಾಗಿ ಬಿದ್ದಿದ್ದವು. ಹಾಗಾದರೆ ಅಣ್ಣನಿಗೆ ತಾನು ಯಾವತ್ತೂ ಬೇಕಾಗಿರಲೇ ಇಲ್ಲವೇ? ಇದನ್ನು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಣ್ಣ ಮತ್ತೆ ಕಪ್ಪು ಗಾಜು ಹಿಡಿದು, ಆ ತಟ್ಟೆ ಅಲ್ಲಾಡದ ಹಾಗೆ ಹಿಡ್ಕೋ, ನೀನು ಹಿಡಿದ್ರೇ ಸರಿ ಅಂದ. ಅವನು ಹಿಡಿದುಕೊಂಡ.

ಹೊರಡುವ ದಿನ ವ್ಯಾಗನ್ನಿನ ಹೊಟ್ಟೆ ತುಂಬ ಸಾಮಾನು, ಸಂದಿಗೊಂದಿಗಳಲ್ಲೆಲ್ಲ ಅತ್ತಿಗೆಯ ಕುಂಡಗಳು. ಅಷ್ಟು ಭಾರ ಹೇರಿದರೂ ಹಿಂಭಾಗ ಕುಸಿಯಲಿಲ್ಲ, ದೀಪಗಳು ರಸ್ತೆಯನ್ನೇ ನೋಡುತ್ತಿದ್ದವು. ಬೀದಿಯವರೆಲ್ಲ ಬಂದು ನಿಂತಿದ್ದರು. ಗಾಜಿನಂಗಡಿಯವನು ಯಾವುದಕ್ಕೂ ಇರಲಿ ಅಂತ ಗಾಡಿಯ ಹಿಂದೆ ನಿಲ್ಲದೆ ಪಕ್ಕಕ್ಕೆ ಸರಿದಿದ್ದ. ಅಣ್ಣ ಸ್ಟೀರಿಂಗ್ ಮುಂದೆ ಕೂತು, ಕಿಟಕಿಯಿಂದ ತಲೆ ಹಾಕಿ, ಒಂದ್ಸಲ ಕೆಳಗೆ ನೋಡಿಬಿಡೋ ಅಂದ.

ಚಿಕ್ಕಮೇಸ್ತ್ರಿ ಗೋಡೆಯ ಮೇಲಿನ ಚಿತ್ರದಿಂದ ಪಾನ ತೆಗೆದುಕೊಂಡು ತೂರಿದ. ಕಮಾನಿನ ನಟ್ಟುಗಳು, ಶಾಕಿನ ನಟ್ಟುಗಳು, ಶಾಫ್ಟಿನವು. ಒಂದೊಂದಕ್ಕೂ ಪಾನ ಹಾಕಿದ. ಎಲ್ಲವೂ ಕಲ್ಲಿನಂತೆ ಬಿಗಿ. ಇನ್ನು ನನ್ನ ಅಗತ್ಯವಿಲ್ಲ ಅಂತ ಅಣ್ಣ ಹೀಗೆ ಹೇಳುತ್ತಿದ್ದಾನೆ ಅಂದುಕೊಂಡ. ಕೊನೆಗೆ ಎಡಗಡೆಯ ಯು ಬೋಲ್ಟಿನ ಹಿಂದಿನ ನಟ್ಟಿಗೆ ಪಾನ ಹಾಕಿದಾಗ ಅದು ಮೆಲ್ಲಗೆ ತಿರುಗಿತು.

“ಸಿಕ್ತಾ?” ಮೇಲಿನಿಂದ ಅಣ್ಣನ ದನಿ.

ಚಿಕ್ಕಮೇಸ್ತ್ರಿ ನಟ್ಟನ್ನು ಬಿಗಿದ. ಕಣ್ಣು ಮಂಜಾಗಿ ಆಕ್ಸಲ್ಲು ಎರಡೆರಡಾಗಿ ಕಾಣುತ್ತಿತ್ತು. ಇನ್ನೂ ಸ್ವಲ್ಪ ಬಿಗಿದ.

“ಇಲ್ಲ ಅಣ್ಣ. ಎಲ್ಲಾ ಬಿಗಿಯಾಗೇ ಇದೆ.”

ಮೇಲೆ ಅಣ್ಣನ ಸೀಟು ಕಿರುಗುಟ್ಟಿತು.

“ಎಡಗಡೆ ನೋಡಿದ್ಯಾ?”

“ನೋಡ್ದೆ. ಬಿಗಿಯಾಗಿದೆ. ನೀನೇ ಬಿಗಿದಿದ್ದಲ್ವಾ.”

ಅವನು ಎದ್ದು ಬಂದು ಕೈ ಒರೆಸಿಕೊಂಡ. ಅಣ್ಣನ ಮುಖದಲ್ಲಿ ಅಂಥ ಗೊಂದಲವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಏನೋ ಹೇಳಲು ಹೋದ ಅಣ್ಣ, ಅತ್ತಿಗೆ ಹೊತ್ತಾಯ್ತು ಅಂದದ್ದರಿಂದ ಸುಮ್ಮನಾಗಿ ಮೊದಲ ಗೇರು ಹಾಕಿದ. ವ್ಯಾಗನ್ನು ಮುಂದಕ್ಕೆ ಹೊರಟಿತು. ಜನ ಚಪ್ಪಾಳೆ ತಟ್ಟಿದರು.

ಬೀದಿ ಮೂಲೆಯಲ್ಲಿ, ಚಹಾ ಅಂಗಡಿಯ ಮುಂದೆ, ಗಾಡಿ ನಿಂತಿತು. ಚಿಕ್ಕಮೇಸ್ತ್ರಿ ಗೇಟಿನಿಂದ ನೋಡುತ್ತಿದ್ದ. ಅಣ್ಣ ಇಳಿದ. ಅತ್ತಿಗೆ ಕಿಟಕಿಯಿಂದ ಗದರುವುದು ಇಲ್ಲಿಯವರೆಗೂ ಕೇಳುತ್ತಿತ್ತು. ಬಾಗಲಾರದ ಮಂಡಿಗಳನ್ನು ಹೇಗೋ ಬಾಗಿಸಿ ಅಣ್ಣ ಎಡಗಡೆಯ ಹಿಂಚಕ್ರದ ಹತ್ತಿರ ನೆಲಕ್ಕೆ ಕೂತ, ಎಡಗೈಯನ್ನು ಒಳಗೆ ಹಾಕಿ ತಡಕಾಡಿದ. 

ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕೈ ಹೊರಗೆ ತೆಗೆದು, ಕೂತಲ್ಲಿಂದಲೇ ತಿರುಗಿ ಗ್ಯಾರೇಜಿನ ಕಡೆ ನೋಡಿದ. ನಟ್ಟು ಯಾರು ಬಿಗಿದರು ಅಂತ ಅವನಿಗೆ ಗೊತ್ತಾಗಿತ್ತು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ಎಡಗೈ ಎತ್ತಿದ್ದು ಮಾತ್ರ ಕಂಡಿತು.

ಚಹಾ ಅಂಗಡಿಯವನು ಬಂದು ಕೈ ಹಿಡಿದು ಎಬ್ಬಿಸಿದ. ಅಣ್ಣ ನೆಟ್ಟಗೆ ನಿಂತು ಮಂಡಿಯ ಧೂಳು ಒರೆಸಿಕೊಳ್ಳುವ ತನಕ ಚಿಕ್ಕಮೇಸ್ತ್ರಿ ಗೇಟು ಬಿಟ್ಟು ಕದಲಲಿಲ್ಲ.